ಕತ್ತೆ ಕಲ್ಲಪ್ಪನ ದನಿ

ನನ್ನ ತಮ್ಮ ಈರಪ್ಪ ತೀರಿಕೊಂಡ ಸುದ್ದಿ ತಂದವನು ನಮಗೆ ಗುರುತಿಲ್ಲದ ಮನುಷ್ಯ. ಎರಡು ಸಾವಿರದ ಮೂರನೆಯ ಇಸವಿ, ಶ್ರಾವಣ ಸೋಮವಾರದ ಸಂಜೆ. ಪೂಜೆ ಮುಗಿಸಿ ಅವ್ವನ ಹಣೆಗೆ ವಿಭೂತಿ ಹಚ್ಚುತ್ತಿದ್ದೆ. ಅವನು ಬಾಗಿಲ ಹೊರಗೆ ನಿಂತು, "ಅಕ್ಕಾರ, ನಾ ಬಂದೇನವಾಜರಿ, ಕೇಬಲ್ಲಿನಾಂವ," ಎಂದ.

ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲ. "ಮನಿ ತಪ್ಪಿ ಬಂದೀಯಪಾ," ಎಂದೆ.

"ತಪ್ಪಿಲ್ರಿ," ಎಂದವನು ಕಟ್ಟೆಯ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡ.

ಅವನೂ ಈರಪ್ಪನೂ ಬಾಗಲಕೋಟೆಗೆ ಹೋಗಿ ಇಳಕಲ್ಲಿಗೆ ತಿರುಗಿ ಬರುತ್ತಿದ್ದರಂತೆ. ಬಸ್ಸು ಅಮೀನಗಡ ದಾಟಿದ ಮೇಲೆ ಈರಪ್ಪ ಎದೆ ಹಿಡಿದುಕೊಂಡು ಅವನ ಹೆಗಲಿಗೆ ಒರಗಿದ. ಹುನಗುಂದದ ದವಾಖಾನೆ ಮುಟ್ಟುವುದರೊಳಗೆ ಉಸಿರು ನಿಂತಿತ್ತು. ನಮ್ಮ ಈರಪ್ಪನಿಗೂ ಕೇಬಲ್ಲಿನವನಿಗೂ ಏನು ಸಂಬಂಧ ಎಂದು ಕೇಳುವ ಶಕ್ತಿ ಆಗ ನನಗಿರಲಿಲ್ಲ.

ಅವ್ವ ಚಂದ್ರವ್ವನಿಗೆ ಕಣ್ಣು ಹೋಗಿ ಬಹಳ ವರ್ಷಗಳಾಗಿದ್ದವು. ನಾನು ಮದುವೆಯಾಗಿ, ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಈರಪ್ಪ ಮದುವೆಯಾಗಲಿಲ್ಲ. ಹಗಲು ಮಗ್ಗದ ಕುಣಿಯಲ್ಲಿ ಕೂತು ಸೀರೆ ನೇಯುತ್ತಿದ್ದ. ಊಟವಾದ ಮೇಲೆ, "ಮಠದಾಗ ಭಜನಿ ಐತಿ, ಹೋಗಿ ಬರ್ತೇನಬೇ," ಎಂದು ಹೊರಡುತ್ತಿದ್ದ. ಅವ್ವ ಓಣಿಯ ಹೆಂಗಸರ ಮುಂದೆಲ್ಲ, ನನ್ನ ಮಗ ಮಠದಲ್ಲಿ ವಚನ ಹೇಳುತ್ತಾನೆ ಎಂದು ಹಿಗ್ಗುತ್ತಿದ್ದಳು.

ಮಣ್ಣಿಗೆ ಒಯ್ಯುವಾಗ ಬಳಗಕ್ಕಿಂತ ಹೊರಗಿನ ಮಂದಿಯೇ ಹೆಚ್ಚು ಸೇರಿದರು. ಪಾವರ್‌ಲೂಮಿನ ಕೆಲಸಗಾರರು, ಗ್ರಾನೈಟ್ ಕ್ವಾರಿಯವರು, ಆಟೋದವರು. "ಕಲ್ಲಪ್ಪಾ, ಹೋದೆಲ್ಲೋ! ನಮ್ಮ ಕತ್ತಿ ಕಲ್ಲಪ್ಪಾ, ನಮ್ಮನ್ನ ಬಿಟ್ಟು ಹೋದೆಲ್ಲೋ!" ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಬೇರೆ ಯಾರದೋ ಮಣ್ಣಿಗೆ ಹೊರಟವರು ದಾರಿ ತಪ್ಪಿದ್ದಾರೆಂದು ತಿಳಿದು ನಾನು ಒಬ್ಬನನ್ನು ತಡೆದೆ.

"ಇದು ಈರಪ್ಪಂದಪಾ, ಕಲ್ಲಪ್ಪಂದಲ್ಲ."

"ಗೊತ್ತೈತಿ ಬಿಡಬೇ ಯಮ್ಮಾ," ಎಂದು ಅವನು ಹೆಗಲ ಮೇಲಿನ ಟಾವೆಲ್ಲಿನಿಂದ ಕಣ್ಣೊರೆಸಿಕೊಂಡ. "ಇಬ್ಬರೂ ಒಂದ."

ಬಂದೇನವಾಜ ಆಮೇಲೆ ಎಲ್ಲವನ್ನೂ ಹೇಳಿದ. ಅವನ ಕೇಬಲ್ಲಿನಲ್ಲಿ ಪರದೇಶದ ಕಾರ್ಟೂನೊಂದು ಬರುತ್ತಿತ್ತು. ಅದರಲ್ಲಿ ಕುಡುಕ ಕತ್ತೆಯೊಂದು, ಅದರ ಹೆಂಡತಿ, ಅವರ ಜಗಳ. ಕಾರ್ಟೂನೆಂದರೆ ಮಕ್ಕಳದೇ ಎಂದು ಅವನು ಮೊದಲು ಅದನ್ನು ಶಾಲೆ ಬಿಡುವ ಹೊತ್ತಿಗೆ ಹಾಕಿದ್ದನಂತೆ. ಕತ್ತೆ ಕುಡಿದು ಅಂಗಿ ಕಳೆದು ಓಣಿ ತುಂಬ ಕುಣಿದದ್ದನ್ನು ಕಂಡು ತಾಯಂದಿರು ಕಸಬರಿಗೆ ಹಿಡಿದು ಅವನ ಅಂಗಡಿಗೆ ಬಂದರು.

"ದೊಡ್ಡವರ ಕಾರ್ಟೂನೂ ಇರ್ತಾವಂತ ನನಗೇನ ಗೊತ್ರಿ ಅಕ್ಕಾರ? ಗ್ವಾಂಬಿ ಅಂದ್ರ ಹುಡುಗೂರದು ಅಂತ ಮಾಡಿದ್ನಿ."

ಅಂದಿನಿಂದ ಅದನ್ನು ಮಕ್ಕಳು ಮಲಗಿದ ಮೇಲೆ ಹಾಕತೊಡಗಿದ. ಇಂಗ್ಲಿಷು ಊರಲ್ಲಿ ಯಾರಿಗೂ ತಿಳಿಯದು. ಅದರ ಮಾತನ್ನು ತೆಗೆದುಹಾಕಿ, ಕತ್ತೆಗೆ ಕಲ್ಲಪ್ಪನೆಂದು ಹೆಸರಿಟ್ಟು, ಈರಪ್ಪನನ್ನು ಮೈಕಿನ ಮುಂದೆ ಕೂರಿಸಿ ಅವನ ದನಿಯನ್ನು ವಿಡಿಯೊ ಕ್ಯಾಸೆಟ್ಟಿಗೆ ತುಂಬಿದ. ಕತ್ತೆಯ ಮಾತು, ಕತ್ತೆಯ ಹೆಂಡತಿಯ ಮಾತು, ನೆರೆಮನೆಯವರ ಮಾತು, ಎಲ್ಲವನ್ನೂ ನನ್ನ ತಮ್ಮನೊಬ್ಬನೇ ನಮ್ಮ ಕಡೆಯ ಮಾತಿನಲ್ಲಿ ಆಡುತ್ತಿದ್ದ. ಪಾಳಿ ಮುಗಿಸಿದವರು ಅದನ್ನು ನೋಡದೆ ಮಲಗುತ್ತಿರಲಿಲ್ಲವಂತೆ. ನಾನು ಕಿವಿ ಮುಚ್ಚಿಕೊಂಡೆ. ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ, ಮಠದ ಹೆಸರು ಹೇಳಿ, ಕತ್ತೆಯ ಬಾಯಲ್ಲಿ ಬೈಗಳಾಡುತ್ತಿದ್ದ!

ಆದರೆ ನಾಚಿಕೆಪಡಲು ನನಗೆ ಹೆಚ್ಚು ಹೊತ್ತು ಸಿಗಲಿಲ್ಲ. ಅವ್ವ ಊಟ ಬಿಟ್ಟಳು.

ಅವಳು ಮಗನ ಸಾವನ್ನು ನಂಬಲೇ ಇಲ್ಲ. ಕ್ರಿಯೆಗೆ ಮುಂಚೆ ಅವಳ ಕೈ ಹಿಡಿದು ಅವನ ಮುಖ ಮುಟ್ಟಿಸಿದ್ದೆವು. ವಿಭೂತಿ ಬಳಿದ ತಣ್ಣನೆಯ ಕೆನ್ನೆಯನ್ನು ಸವರಿ, "ಇದು ಕಲ್ಲು. ನನ್ನ ಮಗ ಮಾತಾಡ್ತಾನ. ಯಾರನ್ನ ತಂದು ಕುಂಡ್ರಿಸೀರಿ?" ಎಂದಿದ್ದಳು. ಕಣ್ಣಿಲ್ಲದವಳಿಗೆ ಮಗನೆಂದರೆ ದನಿಯೇ. ಅಂಬಲಿ ಹಿಡಿದು ಹೋದರೆ ತುಟಿ ಬಿಗಿದು, "ಈರ್ಯಾ ಬಂದು ಅವ್ವಾ ಅನ್ನಲಿ, ಉಣ್ತೇನಿ. ಸತ್ತಾನ ಅಂದ್ರ ಅದನ್ನೂ ಅವನ ಬಂದು ಹೇಳಲಿ," ಎನ್ನುತ್ತಿದ್ದಳು. ತುಟಿಗೆ ನೀರು ಸವರಿದರೂ ಒರೆಸಿಕೊಳ್ಳುತ್ತಿದ್ದಳು. ವೈದ್ಯರು ಸಲೈನ್ ಹಚ್ಚಲು ಬಂದರೆ ಕೈ ಕೊಡಲಿಲ್ಲ. ಗುರುಗಳು ಮಠದಿಂದ ಪಾದೋದಕ ಕಳಿಸಿದರು. ಅದನ್ನು ಹಣೆಗೆ ಒತ್ತಿಕೊಂಡು ನನ್ನ ಕೈಗೇ ತಿರುಗಿ ಕೊಟ್ಟಳು. ಮೈ ಒಣಗಿ ಹಾಸಿಗೆಯ ಮಡಿಕೆಯಂತಾದಳು. ಶಿವನೇ, ಒಬ್ಬನನ್ನು ಒಯ್ದೆ, ಇವಳನ್ನೂ ಇದೇ ಮನೆಯಿಂದ ಒಯ್ಯುತ್ತೀಯಾ ಎಂದು ದೇವರ ಗೂಡಿನ ಮುಂದೆ ಬಿದ್ದುಕೊಂಡು ಕೇಳಿದೆ.

ಆಗ ಹೊಳೆದದ್ದು ಆ ಕತ್ತೆ. ಕತ್ತೆಯದಾದರೂ ದನಿ ನನ್ನ ತಮ್ಮನದಲ್ಲವೇ? ಸೆರಗು ಹೊದ್ದು ಬಂದೇನವಾಜನ ಅಂಗಡಿಗೆ ಹೋದೆ. ಅವನು ಕಪಾಟನ್ನೆಲ್ಲ ಕೆಳಗೆ ಸುರಿದ. ಮದುವೆಗಳ ವಿಡಿಯೊವನ್ನೂ ತೆಗೆಯುತ್ತಿದ್ದ ಅವನು ಹಳೆಯ ಕ್ಯಾಸೆಟ್ಟಿನ ಮೇಲೆಯೇ ಹೊಸದನ್ನು ತುಂಬುತ್ತಿದ್ದನಂತೆ. ಎಲ್ಲದರಲ್ಲೂ ಈಗ ಯಾರ್ಯಾರದೋ ಮದುವೆ, ಯಾರ್ಯಾರದೋ ಅಕ್ಷತೆ. ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಆಮೇಲೆ ಥಟ್ಟನೆ, "ಒಂದು ಗುಡೂರಾಗ ಐತ್ರಿ! ಕಾಶಪ್ಪ ಒಯ್ದಾಂವ ಕೊಟ್ಟಿಲ್ಲ," ಎಂದು ಎದ್ದ.

ಗುಡೂರಿನ ಕಾಶಪ್ಪ ಕಿರಾಣಿ ಅಂಗಡಿಯವನು, ದಪ್ಪ ಮೀಸೆಯ ಮನುಷ್ಯ. ನಾನು ಕಲ್ಲಪ್ಪನ ಅಕ್ಕನೆಂದು ತಿಳಿದೊಡನೆ ತಕ್ಕಡಿ ಬಿಟ್ಟು ಎದ್ದುನಿಂತ.

"ಖರೇನ ಹೇಳ್ತೇನ್ರಿ ಅಕ್ಕಾರ, ಕಲ್ಲಪ್ಪ ಸತ್ತಾನಂದ ದಿನ ನಮ್ಮ ಓಣ್ಯಾಗ ಯಾರೂ ಒಲಿ ಹಚ್ಚಿಲ್ಲ."

"ಕ್ಯಾಸೆಟ್ ತಿರುಗಿ ಕೊಡದಾಂವ ನೀನs ಏನು?" ಎಂದ ಬಂದೇನವಾಜ.

"ಲೇ, ಕೊಟ್ಟಿದ್ರ ಅದ್ರ ಮ್ಯಾಲೂ ಒಂದು ಬ್ಯಾಂಡಬಾಜಿ ತುಂಬಿರ್ತಿದ್ದಿ! ನನ್ನ ಕಳವಿಗೆ ಪುಣ್ಯ ಬರಲಿ ಅನ್ನು."

ನಾನು ತಲೆ ತಗ್ಗಿಸಿ ಕೇಳಿದೆ: "ಅಪ್ಪಾ, ಇದ್ರಾಗ ಬೈಗಳ ಇಲ್ಲದ ಜಾಗಾ ಒಂದರ ಐತೇನು? ಎಂಬತ್ತರ ಮುದುಕಿ ಕೇಳ್ಬೇಕು."

ಕಾಶಪ್ಪ ಮೀಸೆ ತೀಡಿ ಯೋಚಿಸಿದ. "ಬೈಗಳ ತಗದ್ರ ಅಕ್ಕಾರ, ಕತ್ತಿ ಸುಮ್ಮನ ಬಾಯಿ ತಗದು ಮುಚ್ಚತೈತಿ, ಅಷ್ಟ." ಅಷ್ಟು ಹೇಳಿ ನಗಲು ಹೋದವನು ಒಳಗೆ ಓಡಿದ. ಕ್ಯಾಸೆಟ್ಟನ್ನು ಧೋತರದ ತುಂಡಿನಲ್ಲಿ ಸುತ್ತಿ ತಂದುಕೊಟ್ಟ.

ಮರುದಿನ ಬೆಳಿಗ್ಗೆ ಬಂದೇನವಾಜ ಟಿ.ವಿ.ಯನ್ನೂ ಕ್ಯಾಸೆಟ್ ಹಾಕುವ ಯಂತ್ರವನ್ನೂ ತಂದು ಪಡಸಾಲೆಯಲ್ಲಿ ಇಟ್ಟ. ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದೆ.

"ಯವ್ವಾ, ಈರಪ್ಪ ಮಾತಾಡ್ತಾನ. ಕೇಳು."

ಅವಳ ಮುಖ ಮೇಲೆದ್ದಿತು. ಪರದೆಯ ಮೇಲೆ ಹೊಟ್ಟೆ ಬಿಟ್ಟ ಬೂದುಬಣ್ಣದ ಕತ್ತೆ ಬಾಗಿಲನ್ನು ಒದ್ದು ಒಳಗೆ ಬಂದಿತು. "ಎಲ್ಲೆ ಸತ್ತೇಲೇ! ರೊಟ್ಟಿ ಸುಡು ಅಂದ್ರ ಮನಿ ಸುಡಾಕತ್ತೀಯೇನ? ನಿನ್ನ ಬಾಯಾಗ ಮಣ್ಣ ಬೀಳಲಿ!" ಮುಂದಿನದನ್ನು ನಾನು ಬರೆಯಲಾರೆ.

ಅವ್ವನ ಕೈ ತಟ್ಟನೆ ಮೇಲೆ ಹೋಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮೈ ಮುದುರಿ, ಗೋಡೆಯೊಳಗೆ ಸೇರುವಂತೆ ಸರಿದಳು.

"ಗುರುಲಿಂಗೀ," ಎಂದು ನನಗೆ ಪಿಸುಗುಟ್ಟಿದಳು, "ನಿಮ್ಮಪ್ಪ ಬಂದಾನ. ತಾಟ ಹಚ್ಚು, ಲಗೂನ."

ಹೌದು, ಅದು ನಮ್ಮ ಅಪ್ಪ ಹುಲ್ಲಪ್ಪನ ದನಿ. ಕುಡಿದು ಬಂದು ಮಗ್ಗದ ಹಾಸು ಹರಿಯುತ್ತಿದ್ದ, ಅವ್ವನ ಜಡೆ ಹಿಡಿದು ಅಂಗಳಕ್ಕೆ ಎಳೆಯುತ್ತಿದ್ದ ಅಪ್ಪ. ಅವನು ಸತ್ತ ಮೇಲೆ ನಾವು ಮೂವರೂ ಅವನ ಹೆಸರೆತ್ತಿರಲಿಲ್ಲ. ಊರು ನಗುತ್ತಿದ್ದ ಕತ್ತೆ ಅವನೇ.

"ಅವ್ವಾರ, ಇದು ನಮ್ಮ ಈರಪ್ಪಣ್ಣನ ದನಿನ್ರಿ, ನನ್ನಾಣಿ," ಎಂದ ಬಂದೇನವಾಜ.

"ನನಗ ಹೇಳ್ತೀಯೇನಪಾ? ಈ ದನಿ ಸಂಗತೀನ ಬಾಳೇ ಮಾಡೇನಿ. ನನ್ನ ಕೂಸಿನ ದನಿ ಎಲ್ಲೈತಿ? ಅದನ್ನ ಹಚ್ಚು."

ಬಂದೇನವಾಜ ಕ್ಯಾಸೆಟ್ಟನ್ನು ಮುಂದೆ ಓಡಿಸಿದ. ಕತ್ತೆಯ ಹೆಂಡತಿ ಮಾತಾಡಿತು. ಅದು ಅವ್ವನದೇ ದನಿ. ಅವ್ವ ಎಂದೂ ಆಡದ ಮಾತುಗಳನ್ನು ಸೊಂಟದ ಮೇಲೆ ಕೈಯಿಟ್ಟು ಆಡಿತು. ಇನ್ನೂ ಮುಂದೆ ಓಡಿಸಿದರೆ ನೆರೆಮನೆಯವರು, ಸಾಹುಕಾರ, ಪೊಲೀಸ. ನನ್ನ ತಮ್ಮ ಎಲ್ಲರೂ ಆಗಿದ್ದ, ತಾನು ಮಾತ್ರ ಆಗಿರಲಿಲ್ಲ. ಅವ್ವ ಪ್ರತಿಯೊಂದು ದನಿಗೂ ತಲೆ ಅಲ್ಲಾಡಿಸಿ, "ಅಲ್ಲ. ಇದೂ ಅಲ್ಲ," ಎನ್ನುತ್ತಿದ್ದಳು. ಅವಳ ದನಿ ಪ್ರತಿ ಸಲವೂ ಇಳಿಯುತ್ತಿತ್ತು. ಕ್ಯಾಸೆಟ್ಟಿನ ರೀಲು ಒಂದು ಕಡೆ ತೆಳ್ಳಗಾಗುತ್ತ ಬಂತು. ನಾನು ಎದೆಯ ಮೇಲಿನ ಲಿಂಗವನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಕೊನೆಗೆ ಕತ್ತೆ ಮಂಚದ ಮೇಲೆ ಬಿದ್ದುಕೊಂಡು ಬಯ್ಯುತ್ತಿದ್ದಾಗ ಬೈಗಳು ನಡುವೆಯೇ ಕಡಿದುಹೋಯಿತು. ಒಂದು ಕೆಮ್ಮು. ಕತ್ತೆಯ ಬಾಯಿ ಪರದೆಯ ಮೇಲೆ ಆಡುತ್ತಲೇ ಇತ್ತು, ಮಾತಿರಲಿಲ್ಲ. ಆಮೇಲೆ ಮೆಲ್ಲನೆಯ, ದಣಿದ ದನಿಯೊಂದು, "ತಡಿಯಪಾ ಬಂದೇನವಾಜ... ಸ್ವಲ್ಪ ನೀರ ಕೊಡು," ಎಂದಿತು.

"ಇಂವ!" ಎಂದಳು ಅವ್ವ. ಎರಡೂ ಕೈಗಳನ್ನು ಮುಂದೆ ಚಾಚಿದಳು. "ಗುರುಲಿಂಗೀ, ಕೇಳ್ಸವಲ್ದೇನ? ತಮ್ಮಗ ನೀರ ಕೊಡು!"

ನಾನು ಎದ್ದು ಓಡಿದೆ. ಕೊಡದಿಂದ ತಂಬಿಗೆ ತುಂಬಿಕೊಂಡು ಬಂದು ಟಿ.ವಿ.ಯ ಮುಂದೆ ನಿಂತೆ. ಯಾರಿಗೆ ಕೊಡಲಿ? ಅಲ್ಲಿ ಕತ್ತೆ ಮತ್ತೆ ಬಯ್ಯತೊಡಗಿತ್ತು.

"ಇನ್ನೊಮ್ಮೆ ಹಚ್ಚು," ಎಂದಳು ಅವ್ವ. ಬಂದೇನವಾಜ ಹಿಂದಕ್ಕೆ ಓಡಿಸಿದ. ಕೆಮ್ಮು, ನೀರ ಕೊಡು. "ಇನ್ನೊಮ್ಮೆ." ಮತ್ತೆ ಮತ್ತೆ ಕೇಳಿದಳು. "ಬ್ಯಾಡ್ರಿ ಅವ್ವಾರ, ಹಳೇ ರೀಲು, ತಡಕೊಳ್ಳೂದಿಲ್ಲ," ಎಂದು ಅವನು ಬೇಡಿಕೊಂಡ. "ಒಂದ ಸಲ, ನನ್ನಪ್ಪಾ, ಒಂದ ಸಲ," ಎಂದು ಅವಳೂ ಬೇಡಿಕೊಂಡಳು. ಅವನು ಗುಂಡಿ ಒತ್ತಿದ. ಯಂತ್ರ ಕಿರ್ರೆಂದಿತು. ಪರದೆ ಬೆಳ್ಳಗಾಯಿತು. ಬಂದೇನವಾಜ ಮುಚ್ಚಳ ತೆಗೆದು ಕೈಹಾಕಿದರೆ ಕಂದು ರೀಲು ಗಾಲಿಗೆ ಸುತ್ತಿಕೊಂಡು, ನುಜ್ಜಾಗಿ, ತುಂಡಾಗಿ ಬಂದಿತು. ಅವನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಬಿಕ್ಕಿದ.

ಅವ್ವನಿಗೆ ಯಾರೂ ಹೇಳಲಿಲ್ಲ. ಮಗನ ದನಿ ಇನ್ನು ಬರುವುದಿಲ್ಲವೆಂದು ಅವಳಿಗೇ ತಿಳಿಯಿತು. ಆಮೇಲೆ ಕೈ ಚಾಚಿ ನನ್ನ ಕೈಯ ತಂಬಿಗೆಯನ್ನು ತಡಕಿ ತೆಗೆದುಕೊಂಡಳು. ಗಟಗಟ ಕುಡಿದಳು. ಅರ್ಧ ನೀರು ಎದೆಯ ಮೇಲೆ ಹರಿಯಿತು.

"ಎಲ್ಲಿ ಮಣ್ಣ ಕೊಟ್ರಿ?" ಎಂದಳು.

"ನಮ್ಮ ರುದ್ರಭೂಮ್ಯಾಗಬೇ."

"ಅಪ್ಪನ ಬಾಜೂಕ?"

"ಇಲ್ಲ. ದೂರ, ಬೇವಿನ ಗಿಡದ ಕಡೆ."

"ಚಲೋ ಆತು," ಎಂದಳು. ಆಮೇಲೆ ಅವಳ ಎದೆಯಿಂದ ಹೊರಟ ಅಳುವನ್ನು ಓಣಿಯೆಲ್ಲ ಕೇಳಿತು. ಸಂಜೆ ಎರಡು ತುತ್ತು ಅನ್ನ ಉಂಡಳು, ನಡುನಡುವೆ ನಿಲ್ಲಿಸಿ, ನಡುನಡುವೆ ಅತ್ತು.

ಶಿವನೇ, ಕರುಣಾಳುವೇ. ನನ್ನ ತಮ್ಮ ಸುಳ್ಳು ಹೇಳಿ ನಿನ್ನ ಮಠದ ದಾರಿ ತಪ್ಪಿದ, ನಿಜ. ಆದರೆ ನಮಗೆ ಹೆದರಿಕೆಯಾಗಿದ್ದುದನ್ನು ಅವನು ಊರಿಗೆ ನಗೆಯಾಗಿ ಮಾಡಿದ. ಅದನ್ನು ಭಜನೆಯೆಂದೇ ಎಣಿಸಿಕೋ. ಎಲ್ಲರ ದನಿಯನ್ನೂ ಹೊತ್ತು ದಣಿದಿದ್ದಾನೆ; ನಿನ್ನ ಬಳಿ ಅವನು ತನ್ನ ದನಿಯಲ್ಲೇ ಮಾತಾಡಲಿ. ಅವನಿಗೆ ಬಾಯಾರಿದೆ, ತಂದೆಯೇ. ನಾವು ಕೊಡಲಾರದ ನೀರನ್ನು ನೀನು ಕೊಡು. ಅವನ ಜೀವಕ್ಕೆ ಶಾಂತಿಯನ್ನು ಕೊಡು.