ಪಡುಮನೆ ಕುಶಲಾಳ ಅರ್ಜಿ

ರಾತ್ರಿ ಎರಡು ಗಂಟೆಗೆ ನಮ್ಮ ಓಣಿಯ ಬೀದಿ ನಳ್ಳಿಯಲ್ಲಿ ಮೊದಲು ಗಾಳಿ ಬರುತ್ತದೆ. ಯಾರೋ ಬಾಯಿ ಮುಚ್ಚಿಕೊಂಡು ಕೆಮ್ಮಿದ ಹಾಗೆ ಒಂದು ಸಣ್ಣ ಸದ್ದು. ನೀರು ಬರುವುದು ಆಮೇಲೆ. ಈಗ ಎಲ್ಲರ ಮನೆಯೊಳಗೂ ನಳ್ಳಿ ಇದೆ, ತಾರಸಿಯ ಮೇಲೆ ಟ್ಯಾಂಕಿ ಇದೆ. ಬೀದಿ ನಳ್ಳಿಗೆ ಕೊಡ ಹಿಡಿಯುವವರಿಲ್ಲ. ಆದರೂ ನನಗೆ ಎಚ್ಚರವಾಗುತ್ತದೆ. ಎದ್ದು ಬಾಗಿಲ ಚಿಲಕ ಮುಟ್ಟಿ ನೋಡಿ, ಪಪ್ಪನ ಉಸಿರು ಕೇಳಿಸುವವರೆಗೆ ನಿಂತು, ಮತ್ತೆ ಮಲಗುತ್ತೇನೆ.

ಆ ನಳ್ಳಿ ಹಾಕಿಸಿದ್ದು ನನ್ನ ಅಮ್ಮ ಎಂದು ಜೆಪ್ಪುವಿನ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಅಮ್ಮ ತೀರಿಕೊಂಡಾಗ ನನಗೆ ಏಳು ವರ್ಷ. ಉಳಿದದ್ದು ಮದುವೆಯ ಒಂದು ಫೋಟೋ ಮತ್ತು ಬೀಡಿ ಎಲೆ ಕತ್ತರಿಸುತ್ತಿದ್ದ ಕತ್ತರಿ. ಅವಳ ಕೈಬರಹ ಒಂದು ಚೂರೂ ಇಲ್ಲ. ನಾನು ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಹಿಂದಿರುಗಿಸಿದ ಪುಸ್ತಕಗಳ ನಡುವೆ ಕೆಲವೊಮ್ಮೆ ಚೀಟಿ ಸಿಗುತ್ತದೆ. 'ಬರುವಾಗ ಕೊತ್ತಂಬರಿ ಸೊಪ್ಪು ತಾ. ತಡವಾದರೆ ಆಟೋದಲ್ಲಿ ಬಾ.' ಯಾವುದೋ ಹುಡುಗಿಗೆ ಅವಳ ಅಮ್ಮ ಬರೆದದ್ದು. ಅಂಥವನ್ನು ಎಸೆಯಲು ನನಗೆ ಮನಸ್ಸು ಬರುವುದಿಲ್ಲ. ಮೇಜಿನ ಡ್ರಾಯರಿನಲ್ಲಿ ಇಡುತ್ತೇನೆ. ಶಶಿಪ್ರಭಾ ಎಂಬ ನನ್ನ ಹೆಸರನ್ನು ಅಮ್ಮ ಹೇಗೆ ಬರೆಯುತ್ತಿದ್ದಳೋ, ದುಂಡಗೋ, ಉದ್ದಕ್ಕೋ, ಕೊನೆಯ ಅಕ್ಷರವನ್ನು ಎಳೆದು ಬಿಡುತ್ತಿದ್ದಳೋ ಎಂದು ನಲವತ್ತು ದಾಟಿದ ಮೇಲೂ ಯೋಚಿಸುತ್ತೇನೆ.

ಕಳೆದ ವರ್ಷ ಎದುರು ಮನೆಯ ಜೂಲಿ ಬಾಯಿಯ ಮಹಿಳಾ ಸಂಘಕ್ಕೆ ಸ್ವಂತ ಕೋಣೆ ಆಯಿತು.

"ಗೋಡೆ ಖಾಲಿ ಉಂಟು ಶಶಿ," ಎಂದರು ಬಾಯಿ. "ನಿನ್ನ ಅಮ್ಮ ಬರೆದ ಅರ್ಜಿಗೆ ಫ್ರೇಮ್ ಹಾಕಿ ಇಡುವ. ಇಪ್ಪತ್ತಮೂರು ಮನೆಯವರ ಸಹಿ ಉಂಟು ಅದರಲ್ಲಿ. ನನ್ನದೂ."

"ಅದು ಪಾಲಿಕೆಗೆ ಕೊಟ್ಟದ್ದಲ್ವಾ ಬಾಯಿ?"

"ಕೊಟ್ಟದ್ದು ಅಲ್ಲೇ ಇರ್ಬೇಕಲ್ಲ, ಅವರು ತಿಂದು ಬಿಟ್ರಾ? ನೀನು ಡಿಗ್ರಿ ಓದಿದವಳು, ಹೋಗಿ ಕೇಳು ಮಾರಾಯ್ತಿ. ಬಸ್ಸಲ್ಲಿ ಚಿಲ್ಲರೆ ಕೇಳ್ಲಿಕ್ಕೂ ಹೆದರ್ತಿ ನೀನು."

"ಅಮ್ಮನೇ ಕೈಯಾರೆ ಬರೆದದ್ದಾ?"

"ಮತ್ತೆ? ನಾನು ನಾಲ್ಕಕ್ಕೆ ಬಿಟ್ಟವಳು. ಓಣಿಯಲ್ಲಿ ಎಂಟನೇ ಕ್ಲಾಸು ಓದಿದವಳು ಅಂದ್ರೆ ನಿನ್ನ ಅಮ್ಮ ಒಬ್ಬಳೇ. ಮನೆಮನೆ ಹೋಗಿ ಸಹಿ ತೆಗೆಯುವಾಗ ಹೆಸರೆಲ್ಲ ನನ್ನ ಹತ್ರ ಬರೆಸಿದ್ಳು. 'ನೀನು ಬರಿ ಬಾಯಿ, ನನ್ನ ಕೈಯೆಲ್ಲ ಹೊಗೆಸೊಪ್ಪು' ಅಂತ. ಅರ್ಜಿ ಮಾತ್ರ ಅವಳೇ ಕೂತು ಬರೆದು ಮರುದಿನ ಕೊಟ್ಟು ಬಂದ್ಳು. ಎಂತ ಧೈರ್ಯ ಅವಳಿಗೆ! ನಿನಗೆ ಬರ್ಲೇ ಇಲ್ಲ ನೋಡು ಅದು."

ಅಮ್ಮನ ಬರಹ ಎಲ್ಲೋ ಒಂದು ಕಪಾಟಿನಲ್ಲಿ ಇದೆ ಎಂದು ತಿಳಿದ ಮೇಲೆ ನನಗೆ ಬೇರೆ ಯೋಚನೆಯೇ ಇಲ್ಲವಾಯಿತು. ಆ ರಾತ್ರಿ ಊಟಕ್ಕೆ ಕೂತಾಗ ಪಪ್ಪನಿಗೆ ಹೇಳಿದೆ. ಪಪ್ಪ, ನೋಣಯ್ಯ, ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು.

"ಎಂತಕ್ಕೆ ಮಗಾ ಅದೆಲ್ಲ? ನೀರು ಬಂತು, ಮುಗೀತು."

"ಅಮ್ಮನ ಅಕ್ಷರ ನೋಡ್ಬೇಕು ಪಪ್ಪ."

ಅವರು ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಅಷ್ಟು ಹಳೇ ಕಾಗದ. ಇರ್ಲಿಕ್ಕಿಲ್ಲ," ಎಂದರು. ಅನ್ನ ಕಲಸುತ್ತ ಮತ್ತೆ, "ಇಲ್ಲದಿದ್ರೆ ಒಳ್ಳೆದೇ," ಎಂದರು.

ಮಾಹಿತಿ ಹಕ್ಕಿನ ಅರ್ಜಿ ನಮೂನೆಯನ್ನು ಗ್ರಂಥಾಲಯದಲ್ಲೇ ಪ್ರಿಂಟ್ ತೆಗೆದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ನೂರೈವತ್ತು ಪದ ದಾಟಬಾರದು. ಮಾಹಿತಿ ಯಾಕೆ ಬೇಕು ಎಂದು ಹೇಳಬೇಕಾಗಿಲ್ಲ. ಈ ಕೊನೆಯದನ್ನು ಎರಡು ಸಲ ಓದಿದೆ. ಸಾರ್ವಜನಿಕ ಮಾಹಿತಿ ಅಧಿಕಾರಿಯ ಎದುರು ನಿಂತು, ಅಮ್ಮನ ಅಕ್ಷರ ನೋಡುವ ಆಸೆ ಎಂದು ಹೇಳುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. '1990ರಲ್ಲಿ ನೋಣಯ್ಯ ಎಂಬವರ ಪತ್ನಿ ಕುಶಲಾ ಅವರು ಸಾರ್ವಜನಿಕ ನಳ್ಳಿಗಾಗಿ ಸಲ್ಲಿಸಿದ ಅರ್ಜಿಯ ಪ್ರತಿ' ಎಂದು ಬರೆದು, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಪಾಲಿಕೆ ಕಚೇರಿಗೆ ಕೊಟ್ಟೆ. ಸ್ವೀಕೃತಿಯ ಮೊಹರಿನಲ್ಲಿ ತಾರೀಕು ಸರಿಯಾಗಿ ಬಿದ್ದಿದೆಯೇ ಎಂದು ಮೆಟ್ಟಿಲಿನಲ್ಲಿ ನಿಂತು ನೋಡಿದೆ.

ಉತ್ತರಕ್ಕೆ ಮೂವತ್ತು ದಿನ. ಇಪ್ಪತ್ತಾರನೆಯ ದಿನ ಬಂತು. 'ನೋಣಯ್ಯ ಎಂಬವರ ಪತ್ನಿಯ ಹೆಸರಿನಲ್ಲಿ ಅಂತಹ ಯಾವುದೇ ಅರ್ಜಿ ಸ್ವೀಕೃತಿ ವಹಿಯಲ್ಲಿ ಕಂಡುಬಂದಿರುವುದಿಲ್ಲ.' ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಲ್ಲಿಸಬಹುದೆಂದು ಕೆಳಗೆ ಇತ್ತು. ಮೇಲ್ಮನವಿಯ ಬಗ್ಗೆ ವಿಚಾರಿಸಲು ರಜೆ ಹಾಕಿ ಹೋದೆ. ಅಭಿಲೇಖಾಲಯ ನೋಡಿಕೊಳ್ಳುವ ರವೂಫ್ ನನ್ನ ಪತ್ರವನ್ನು ಕನ್ನಡಕದ ಕೆಳಗಿನಿಂದ ಓದಿದರು.

"ಅಪೀಲು ಆಮೇಲೆ ಹಾಕುವ ಮೇಡಂ. ಒಂದು ಕೇಳ್ತೇನೆ. ನೀವು ತುಳುವರಲ್ವಾ? ನಿಮ್ಮ ಅಮ್ಮನ ತಾಯಿಮನೆ ಯಾವುದು?"

"ಕೂಳೂರು. ಪಡುಮನೆ."

"ಮತ್ತೆ ನೋಣಯ್ಯ ಅಂತ ಎಂತಕ್ಕೆ ಬರೆದದ್ದು ನೀವು? ನಿಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳ್ತಿದ್ರಾ ಆಗ? ನನ್ನ ಅಜ್ಜಿ ಕೂಡ ಹಾಗೇ, ಸಾಯುವವರೆಗೆ ತಾಯಿಮನೆ ಹೆಸರೇ ಹೇಳಿದ್ದು. ಅಜ್ಜನಿಗೆ ಅದೇ ಸಿಟ್ಟು!"

ನನಗೆ ನಾಚಿಕೆಯಾಯಿತು. ಕುಟುಂಬ ನಮಗೆ ಅಮ್ಮನ ಕಡೆಯಿಂದಲೇ. ದೈವದ ಕೋಲಕ್ಕೆ ನಾನು ಹೋಗಿ ನಿಲ್ಲುವುದೂ ಪಡುಮನೆಯಲ್ಲೇ. ಆದರೆ ಶಾಲೆಯ ಮೊದಲ ದಿನದಿಂದ ಎಲ್ಲ ಫಾರ್ಮುಗಳಲ್ಲಿ ತಂದೆಯ ಹೆಸರು, ಗಂಡನ ಹೆಸರು ಎಂದು ತುಂಬಿಸಿ ಕೈಗೆ ಅದೇ ಅಭ್ಯಾಸವಾಗಿತ್ತು. ಅಮ್ಮನನ್ನು ಅವಳದಲ್ಲದ ಹೆಸರಿನ ಕೆಳಗೆ ಹುಡುಕಿಸಿದ್ದೆ.

ಹೊಸ ಅರ್ಜಿ ಬರೆದೆ: 'ಕೂಳೂರು ಪಡುಮನೆ ಕುಶಲಾ.' ಈ ಸಲ ಪ್ರತಿ ಕೇಳಲಿಲ್ಲ, ಕಡತವನ್ನೇ ಕಣ್ಣಾರೆ ಪರಿಶೀಲಿಸಲು ಅವಕಾಶ ಕೇಳಿದೆ. ಅದಕ್ಕೂ ಕಾಯ್ದೆಯಲ್ಲಿ ಹಕ್ಕಿದೆ. ಮೂರು ವಾರಕ್ಕೆ ಪತ್ರ ಬಂತು. ಕಡತ ಲಭ್ಯವಿದೆ, ಬುಧವಾರ ಹನ್ನೊಂದು ಗಂಟೆಗೆ ಹಾಜರಾಗತಕ್ಕದ್ದು.

"ಬರೀ ಅರ್ಜಿ ಆಗಿದ್ರೆ ಯಾವಾಗಲೋ ವಿಲೇವಾರಿ ಆಗ್ತಿತ್ತು," ಎಂದು ರವೂಫ್ ಕಡತದ ದಾರ ಬಿಚ್ಚಿದರು. "ಪೈಪು ಹಾಕಿದ ಕಾಮಗಾರಿಯ ಫೈಲಿನಲ್ಲಿ ಸೇರಿತ್ತು, ಅದಕ್ಕೆ ಉಳಿದದ್ದು. ನಿಧಾನ ನೋಡಿ. ಅವಸರ ಇಲ್ಲ."

ಮೊದಲ ಹಾಳೆ ತಿರುಗಿಸಿದೆ. ನೀಲಿ ಶಾಯಿ. ಸ್ವಲ್ಪ ಬಲಕ್ಕೆ ವಾಲಿದ, ಒಂದೂ ಚಿತ್ತಿಲ್ಲದ ಅಕ್ಷರ. ಇಷ್ಟು ಚಂದವಿತ್ತೇ ಅಮ್ಮನ ಬರಹ! ಏನು ಬರೆದಿದೆ ಎಂದು ಓದಲಿಲ್ಲ. ಅಕ್ಷರಗಳನ್ನು ಮಾತ್ರ ನೋಡುತ್ತಾ ಹೋದೆ. ಏಳನೆಯ ಸಾಲಿನಲ್ಲಿ ನನ್ನ ಹೆಸರಿತ್ತು. ಕೊನೆಯ ಅಕ್ಷರವನ್ನು ಎಳೆದು ಬಿಟ್ಟಿತ್ತು. ಅದರ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ಕೂತಿದ್ದೆನೋ. ಆಮೇಲೆ ಮೊದಲಿನಿಂದ ಓದಿದೆ.

'ಕೂಳೂರು ಪಡುಮನೆ ಬಾಗಿ ಎಂಬವರ ಮಗಳಾದ ಕುಶಲಾ ಬರೆಸಿದ ಅರ್ಜಿ. ನಮ್ಮ ಓಣಿಯ ಬಾವಿ ನೀರು ಬೇಸಗೆಯಲ್ಲಿ ಉಪ್ಪಾಗುತ್ತದೆ. ಕೆಳಗಿನ ರಸ್ತೆಯ ನಳ್ಳಿಯಲ್ಲಿ ರಾತ್ರಿ ಎರಡು ಗಂಟೆಗೆ ಮಾತ್ರ ನೀರು. ನನ್ನ ಗಂಡನಿಗೆ ರಾತ್ರಿ ಪಾಳಿಯ ಕೆಲಸ. ಐದು ವರ್ಷದ ಮಗಳು ಶಶಿಪ್ರಭಾಳನ್ನು ಮಲಗಿಸಿ ಹೊರಗಿನಿಂದ ಚಿಲಕ ಹಾಕಿ ಹೋಗುತ್ತೇನೆ. ಅವಳು ಎದ್ದು ಅಳುವುದು ನನಗೆ ಅಲ್ಲಿಗೆ ಕೇಳಿಸುತ್ತದೆ. ಸರದಿ ಬಿಟ್ಟರೆ ನೀರಿಲ್ಲ. ನೀರು ಹಿಡಿದು ಬರುವಾಗ ಅತ್ತು ಅತ್ತು ನಿದ್ರೆ ಹೋಗಿರುತ್ತಾಳೆ. ಆದ್ದರಿಂದ ಓಣಿಯ ಒಳಗೆ ಒಂದು ನಳ್ಳಿ ಹಾಕಿಸಿಕೊಡಬೇಕು. ಮಗು ಎದ್ದರೆ ನಾನು ಇಲ್ಲೇ ಇದ್ದೇನೆ ಎಂದು ಕೂಗಿ ಹೇಳುವಷ್ಟು ಹತ್ತಿರ ಆಗಬೇಕು.'

ಅದರ ಕೆಳಗೆ, ಸಹಿ ಇರಬೇಕಾದಲ್ಲಿ, ನೇರಳೆ ಬಣ್ಣದ ಒಂದು ಹೆಬ್ಬೆಟ್ಟಿನ ಗುರುತಿತ್ತು. ಪಕ್ಕದಲ್ಲಿ ಅದೇ ನೀಲಿ ಶಾಯಿಯ ಚಂದದ ಅಕ್ಷರ: 'ಕುಶಲಾ ಎಂಬವರ ಎಡಗೈ ಹೆಬ್ಬೆಟ್ಟು. ಓದಿ ಹೇಳಲಾಗಿದೆ. ಬರೆದವರು ಪೌಲ್, ಅರ್ಜಿ ಬರಹಗಾರರು.'

ನನಗೆ ಸ್ಲೇಟಿನ ನೆನಪಾಯಿತು. ನಾನು ಅಕ್ಷರ ಬರೆದು ತೋರಿಸಿದರೆ ಅಮ್ಮ ಬೀಡಿಯ ಮೊರ ಬದಿಗಿಟ್ಟು, ಸ್ಲೇಟನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡುತ್ತಿದ್ದಳು. "ಚಂದ ಉಂಟು. ಇನ್ನೊಮ್ಮೆ ಬರಿ." ಯಾವತ್ತೂ ತಪ್ಪು ತೋರಿಸಿದವಳಲ್ಲ. ಎಂಟನೇ ಕ್ಲಾಸು ಎಂದು ಮದುವೆಯಾಗಿ ಬಂದ ಹೊಸತರಲ್ಲಿ ಯಾರಿಗೋ ಹೇಳಿರಬೇಕು. ಒಮ್ಮೆ ಹೇಳಿದ್ದನ್ನು ಕೊನೆಯವರೆಗೆ ಉಳಿಸಿಕೊಂಡು ಹೋದಳು.

"ಕಾಪಿ ಬೇಕಾ ಮೇಡಂ?" ಎಂದರು ರವೂಫ್. "ಪುಟಕ್ಕೆ ಎರಡು ರೂಪಾಯಿ. ಇಲ್ಲ, ನೋಡಿ ಬರ್ಕೊಂಡ್ರೂ ಆಗ್ತದೆ."

ಬೇಕಿತ್ತು. ಆ ಹಾಳೆಯನ್ನು ಎದೆಗೆ ಒತ್ತಿಕೊಂಡು ಓಡಿಹೋಗುವಷ್ಟು ಬೇಕಿತ್ತು. ಆದರೆ ನಮ್ಮದು ಎರಡು ಕೋಣೆಯ ಮನೆ, ಜೂಲಿ ಬಾಯಿ ಕೇಳದೆ ಒಳಗೆ ಬರುವವರು. "ಸಹಿಯ ಹಾಳೆಯದ್ದು ಸಾಕು," ಎಂದೆ. ಅರ್ಜಿಯನ್ನು ಮತ್ತೆ ಮತ್ತೆ ಓದಿ, ಒಂದು ಪದವೂ ಬಿಡದ ಹಾಗೆ ಬಾಯಿಪಾಠ ಮಾಡಿಕೊಂಡೆ. ಬರೆಯಲು ಬಾರದವರು ಬೇರೆ ಹೇಗೆ ಇಟ್ಟುಕೊಳ್ಳುತ್ತಾರೆ?

ಮನೆಗೆ ಬಂದಾಗ ಪಪ್ಪ ಜಗಲಿಯಲ್ಲಿದ್ದರು. ನನ್ನ ಕೈಯ ಲಕೋಟೆಯನ್ನು ನೋಡಿದರು. ಕೇಳಿದ್ದು ಹಿಂದೆಯೇ ಬಂದ ಜೂಲಿ ಬಾಯಿ.

"ಸಿಕ್ಕಿತಾ? ತೋರಿಸು, ತೋರಿಸು!"

"ಸಹಿಯ ಹಾಳೆ ಸಿಕ್ಕಿತು ಬಾಯಿ. ಅರ್ಜಿಯ ಹಾಳೆಗೆ ಗೆದ್ದಲು ಹಿಡಿದಿದೆ. ಓದ್ಲಿಕ್ಕೆ ಆಗುವುದಿಲ್ಲ."

"ಛೆ! ಒಂದು ಅಕ್ಷರವೂ ಇಲ್ವಾ?" ಎಂದವರು ಅಷ್ಟರಲ್ಲಿ ಪಟ್ಟಿಯ ನಾಲ್ಕನೆಯ ಸಾಲಿನಲ್ಲಿ ತಮ್ಮ ಸಹಿ ಕಂಡು ಕೂಗಿದರು. "ನೋಡು ಶಶಿ, ನನ್ನ ಸಹಿ! ಕೋಳಿ ಕೆರೆದ ಹಾಗೆ ಉಂಟು. ನಿನ್ನ ಅಮ್ಮನ ಅಕ್ಷರದ ಎದುರು ಇದನ್ನು ಹೇಗೆ ಇಡುವುದು ಅಂತ ಆಗ ನಂಗೆ ನಾಚಿಕೆ."

"ಕುಶಲಾ ಬರೆದದ್ದು ಚಂದ ಇತ್ತು," ಎಂದರು ಪಪ್ಪ.

ಹಾಗೆ ಹೇಳುವಾಗ ಅವರು ಬಾಯಿಯ ಕಡೆ ತಿರುಗಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಎಪ್ಪತ್ತೆರಡರ ಆ ಕಣ್ಣುಗಳಲ್ಲಿ ಎಂಥ ಹೆದರಿಕೆ ಇತ್ತೆಂದರೆ ನನಗೆ ನನ್ನದೇ ಕಣ್ಣು ನೋಡಿದ ಹಾಗಾಯಿತು. ಅಮ್ಮ ಹೋದ ಮೇಲೆ ಅವಳ ಗುಟ್ಟನ್ನು ಇಷ್ಟು ವರ್ಷ ಒಬ್ಬರೇ ಕಾದುಕೊಂಡು ಬಂದಿದ್ದರು.

"ಹೌದು ಪಪ್ಪ, ಇದ್ದಿರಬೇಕು," ಎಂದು ಚಹಾಕ್ಕೆ ನೀರಿಡಲು ಒಳಗೆ ಹೋದೆ. ನಾನು ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ, ಪಪ್ಪನಿಗೂ ಹೇಳುವುದಿಲ್ಲ ಎಂದು ಒಲೆಯ ಮುಂದೆ ನಿಂತು ನಿರ್ಧರಿಸಿದೆ.