ಸುಡು ಸಾರು ಮತ್ತು ಕೂಸಿನ ಚೀಲ

ತಿಳವಳ್ಳಿಯ ಚನ್ನೇಶನ ಮನೆಯಲ್ಲಿ ಮಧ್ಯಾಹ್ನದ ಊಟ ನಡೆದಿತ್ತು. ಅವನ ಹೆಂಡತಿ ಶ್ವೇತಾ ತುಂಬು ಬಸುರಿ. ಬಟ್ಟಲಲ್ಲಿ ಬಿಸಿ ಸಾರು ಹಾಕಿಕೊಂಡು ಕುಡಿಯಬೇಕೆನ್ನುವಷ್ಟರಲ್ಲಿ, ಆರು ವರ್ಷದ ಮಗಳು ವಾಣಿಶ್ರೀ ಅದಕ್ಕೆ ತಂಬಿಗೆಯ ನೀರು ಸುರಿದುಬಿಟ್ಟಳು.

"ಯಾಕ ಹಿಂಗ ಮಾಡ್ದಿ?"

"ಕೂಸಿನ ತಲಿ ಮ್ಯಾಲೆ ಸುಡು ಸಾರು ಬೀಳ್ತೈತಿ."

ಕೆಲವು ದಿನಗಳಿಂದ ಮಗಳು ಅವ್ವನ ತಾಟಿನ ಮೆಣಸಿನಕಾಯಿ ಎತ್ತಿ ಎಸೆಯುತ್ತಿದ್ದುದು ಯಾಕೆಂದು ಶ್ವೇತಾಗೆ ಈಗ ತಿಳಿಯಿತು. ನಗು ಬಂದರೂ ತಡೆದುಕೊಂಡಳು. ಹುಡುಗಿ ನಿಜವಾಗಿಯೂ ಹೆದರಿದ್ದಳು.

"ಊಟ ಹೋಗೂ ಚೀಲ ಬ್ಯಾರೆ, ಕೂಸು ಇರೂ ಚೀಲ ಬ್ಯಾರೆ. ಅದಕ್ಕ ಗರ್ಭಚೀಲ ಅಂತಾರ. ಸಾರು ಅಲ್ಲಿಗೆ ಹೋಗೂದಿಲ್ಲ."

ವಾಣಿಶ್ರೀ ಅವ್ವನ ಹೊಟ್ಟೆಯ ಮೇಲೆ ಕೈಯಿಟ್ಟು ಯೋಚಿಸಿದಳು. "ಹಂಗಾರ ಕೂಸು ಬಾಯಿಂದ ಹೋಗಿಲ್ಲ. ಮತ್ತ ಒಳಗ ಹೆಂಗ ಹೋತು?"

"ದೇವರು ಇಟ್ಟಾನ. ಸುಮ್ನ ಉಣ್ಣು," ಎಂದಳು ಅಜ್ಜಿ ಅನ್ನವ್ವ.

ಹುಡುಗಿ ಅಪ್ಪನ ಕಡೆ ತಿರುಗಿದಳು. ಚನ್ನೇಶ ರೊಟ್ಟಿ ಮುರಿಯುತ್ತ ಹೊಲದ ಗೋವಿನಜೋಳದ ಮಾತು ತೆಗೆದ. ಗಿಡದ ತುದಿಯ ಹೂವಿನ ಪುಡಿ ತೆನೆಯ ಕೂದಲ ಮೇಲೆ ಬಿದ್ದರೆ ಕಾಳು ಕಟ್ಟುತ್ತದೆ ಎಂದು ವಿವರಿಸತೊಡಗಿದ.

"ನಾ ಗೋವಿನಜೋಳದ್ದು ಕೇಳಿಲ್ಲಪ್ಪ. ಅವ್ವಂದು ಕೇಳೇನಿ."

ಚನ್ನೇಶ ಹೆಂಡತಿಯ ಮುಖ ನೋಡಿದ. "ಹೇಳ್ರಿ, ನಿಮ್ಮನ್ನ ಕೇಳಾಕತ್ತಾಳ," ಎಂದಳು ಶ್ವೇತಾ. ಅವನು ರೊಟ್ಟಿ ಕೆಳಗಿಟ್ಟ.

"ಅವ್ವನ ಮೈಯಾಗ ಸಣ್ಣ ಸಣ್ಣ ತತ್ತಿ ಇರ್ತಾವ. ಅಪ್ಪನ ಮೈಯಾಗ ಅದಕ್ಕಿಂತ ಸಣ್ಣ ಬೀಜ ಇರ್ತಾವ. ದೊಡ್ಡವರಾದ ಮ್ಯಾಲೆ ಗಂಡ ಹೆಂಡತಿ ಪ್ರೀತಿಲೆ ಕೂಡಿದಾಗ ಅಪ್ಪನ ಬೀಜ ಅವ್ವನ ಮೈಯೊಳಗ ಹೋಗಿ ತತ್ತಿ ಸೇರ್ತೈತಿ. ಅದ ಮುಂದ ಕೂಸಾಗಿ ಬೆಳಿತೈತಿ."

"ಹಂಗಾರ ಮೊದ್ಲು ನಾ ಅರ್ಧ ನಿನ್ನ ಹತ್ರ ಇದ್ನೇನ?"

"ಇದ್ದಿ."

"ನಿನಗ ಗೊತ್ತಾಗ್ತಿತ್ತ?"

"ಇಲ್ಲವ್ವ."

ಅದು ಅವಳಿಗೆ ಬಹಳ ಹಿಡಿಸಿತು. "ಮತ್ತ ಹೊರಗ ಹೆಂಗ ಬರ್ತೈತಿ?"

ಈ ಸಲ ಶ್ವೇತಾ ಹೇಳಿದಳು. "ಕೂಸು ಬರಾಕ ಅಂತನ ಅವ್ವನ ಕಾಲ ನಡುವ ಒಂದು ದಾರಿ ಐತಿ. ಹೊತ್ತು ಬಂದಾಗ ಅದು ಅಗಲ ಆಗ್ತೈತಿ. ನೋವಾಗ್ತೈತಿ, ಆಮ್ಯಾಲೆ ಕಡಿಮಿ ಆಗ್ತೈತಿ."

ವಾಣಿಶ್ರೀ ಥಟ್ಟನೆ ಅಜ್ಜಿಯನ್ನು ನೋಡಿದಳು. "ಅಜ್ಜಿ, ಅಪ್ಪನೂ ನಿನ್ನ ಚೀಲದಾಗ ಇದ್ದನ?"

ಅನ್ನವ್ವ ಸೆರಗು ಸರಿಮಾಡಿಕೊಂಡಳು. ಈಗ ಬೈಗುಳ ಬೀಳುತ್ತದೆ ಎಂದುಕೊಂಡರು ಮಗ, ಸೊಸೆ.

"ಇದ್ದ," ಎಂದಳು ಅನ್ನವ್ವ. "ಕಾಲು ಮುಂದ ಮಾಡಿ ಬಂದ. ಬಂದಾಂವ ಅಳಲೇ ಇಲ್ಲ. ಕೂಸು ಹೋತು ಅಂತ ನಾ ತಿಳ್ಕೊಂಡಿದ್ದೆ. ಸೂಲಗಿತ್ತಿ ಮಾಬೂಬಿ ಬೆನ್ನು ತಿಕ್ಕಿ ತಿಕ್ಕಿ ಅಳಿಸಿದ್ಲು."

ಚನ್ನೇಶ ಇದನ್ನು ಎಂದೂ ಕೇಳಿರಲಿಲ್ಲ. "ನನಗ್ಯಾಕ ಹೇಳಿಲ್ಲಬೇ?"

"ನೀ ಯಾವಾಗ ಕೇಳಿದ್ಯೋ?"

ಅವನು ತಾಟು ಸರಿಸಿ ತಾಯಿಯ ಹತ್ತಿರಕ್ಕೆ ಜರುಗಿದ. "ಆಮ್ಯಾಲೆ ಏನಾತು?" ಎಂದು ಕೇಳಿದ. ಅಷ್ಟರಲ್ಲಿ ವಾಣಿಶ್ರೀ ಅಜ್ಜಿಯ ತೊಡೆಯ ಮೇಲೆ ಕುಳಿತಾಗಿತ್ತು.