ಟಾರು ಮೆತ್ತಿದ ಹೆಂಚು

ಹೊಸ ಹೆಂಚು ನಮ್ಮ ಹಳೇ ಸಾಲಿಗೆ ಕೂರೋದಿಲ್ಲ ಅಂತ ದುರುಗೇಶ್ ಮೇಸ್ತ್ರಿ ನ್ಯಾಮತಿಯಿಂದ ಹಳೇ ಹೆಂಚು ತಂದಿದ್ದ. ಯಾವುದೋ ಕೆಡವಿದ ಮನೆಯವಂತೆ. ಅವನು ಮೇಲೆ ಕೂತು ನೆತ್ತಿ ಹೆಂಚಿನ ಸಂದಿಗೆ ಗಾರೆ ತುಂಬುತ್ತಿದ್ದ. ನಾನು ಅಂಗಳದಲ್ಲಿ ಪಾಚಿ ಉಜ್ಜಿ ಒಂದೊಂದೇ ಹೆಂಚು ಕೊಡುತ್ತಿದ್ದೆ.

ಒಂದರ ಅಡಿಮೈಯ ಬಿರುಕಿಗೆ ಟಾರು ಮೆತ್ತಿತ್ತು. ಒಂಟಿ ಕೊಂಬಿನ ಮೇಕೆ ತಲೆಯಂಥ ಕಲೆ. ಮೆತ್ತಿದವನು ನಮ್ಮಪ್ಪ. ಚಿಕ್ಕವಳಿದ್ದಾಗ ಮೈತುಂಬ ಅಮ್ಮನ ಗುಳ್ಳೆ ಎದ್ದು ತವರುಮನೆಯಲ್ಲಿ ಮಲಗಿದಷ್ಟೂ ದಿನ ನಾನು ಸೂರಿನ ಆ ಮೇಕೆಯನ್ನೇ ನೋಡಿದ್ದೆ.

ಹೋದ ಪಂಚಮಿಗೆ ತಮ್ಮ ಮಹಾಂತೇಶ್ ಕರೆಯಾಕೆ ಬರಲಿಲ್ಲ. ಕರೆಯದೆ ತವರಿನ ಹೊಸ್ತಿಲು ತುಳಿಯೋಳಲ್ಲ ನಾನು. ಬರೀ ಫೋನ್ ಮಾಡುತ್ತಿದ್ದೆ.

ಪಾಚಿ ಕೈಯಲ್ಲೇ ಫೋನ್ ಹಚ್ಚಿದೆ.

"ಅವ್ವಗೆ ಕೊಡೋ."

"ಒಳಗೆ ಮಲಗ್ಯಾಳಕ್ಕ," ಅಂದ, ಯಾವಾಗಲೂ ಅನ್ನೋ ಹಾಗೆ.

"ಯಾವ ಮನೆ ಒಳಗೋ, ಕಳ್ಳ? ಆ ಮನೆ ಹೆಂಚು ನನ್ನ ಕೈಯಾಗೈತೆ!"



"ಮನೆ ಕೆಡವೋ ಮೊದಲೇ ಅವ್ವನ್ನ ವೃದ್ಧಾಶ್ರಮಕ್ಕೆ ಬಿಟ್ಟೆ," ಅಂದ. "ಒಂಬತ್ತು ತಿಂಗಳಾತು. ದಿನಾ ನಿನ್ನೇ ಕೇಳ್ತಾಳೆ. ಅಕ್ಕ ಬರಲ್ಲ ಅಂತ ಹೇಳೀನಿ. ಅದೇನು ಸುಳ್ಳಾ?"